ಎಲ್ಲವೂ ಹಸಿರು, ರಕ್ತವೊಂದನ್ನು ಬಿಟ್ಟು

ಡಾಕ್ಟರ ಮೇಜಿನ ಮೇಲೆ ಒಂದು ಮೊಬೈಲು, ಒಂದು ರಕ್ತದ ರಿಪೋರ್ಟು. ಮೊಬೈಲಿನ ಪರದೆಯ ತುಂಬ ಹಸಿರು ಟಿಕ್ ಮಾರ್ಕುಗಳು. ತಿಂಗಳಿಡೀ ಒಂದು ಗುಳಿಗೆಯೂ ತಪ್ಪಿಲ್ಲ ಎಂದು ಅದು ಹೇಳುತ್ತಿತ್ತು. ರಿಪೋರ್ಟಿನಲ್ಲಿ ಮಾತ್ರ ಬೇರೆಯದೇ ಕಥೆ.

ಡಾಕ್ಟರು ಕನ್ನಡಕ ತೆಗೆದರು. ಎರಡನ್ನೂ ಮತ್ತೊಮ್ಮೆ ನೋಡಿ ಮೆಲ್ಲಗೆ ಹೇಳಿದರು. "ಇವೆರಡರಾಗ ಒಂದು ಸುಳ್ಳು ಹೇಳಾಕತ್ತೈತಿ. ರಕ್ತಕ್ಕಂತೂ ಸುಳ್ಳು ಹೇಳಾಕ ಬರಂಗಿಲ್ಲ."

ಅವರ ಎದುರು ಕೂತಿದ್ದವಳು ಆಫ್ರೀನ್. (ಹೆಸರು ಬದಲಿಸಿದ್ದೇನೆ. "ಚಂದದ ಹೆಸರು ಇಡಬೇಕ್ ನೋಡ್ರಿ ಟೀಚರ್" ಎಂಬ ಷರತ್ತಿನ ಮೇಲೆ ಈ ಅಂಕಣಕ್ಕೆ ಅವಳೇ ಒಪ್ಪಿಗೆ ಕೊಟ್ಟಿದ್ದಾಳೆ.) ದಾಂಡೇಲಿಯಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ, ಹೈಸ್ಕೂಲಿನಲ್ಲಿ ನನ್ನ ಹತ್ತಿರವೇ ಕನ್ನಡ ಕಲಿತವಳು, ಈಗ ಪಿಯುಸಿ ಎರಡನೇ ವರ್ಷ. ಅಪ್ಪ ರಫೀಕ್‌ಗೆ ಜೀಪು ರಿಪೇರಿಯ ಗ್ಯಾರೇಜಿದೆ. ಅಮ್ಮ ಜಬೀನಾ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ.

ಹುಬ್ಬಳ್ಳಿಯ ಆ ಆಸ್ಪತ್ರೆಯಲ್ಲಿ ನನಗೇನು ಕೆಲಸ ಎಂದಿರಾ? ಜಬೀನಾ ಕರೆದಿದ್ದಳು. ಡಾಕ್ಟರ ಮುಂದೆ ಕೂತಾಗ ಎಲ್ಲ ತಿಳಿಯುತ್ತದೆ, ಬಸ್ಸು ಹತ್ತುವಷ್ಟರಲ್ಲಿ ಅರ್ಧ ಮರೆತಿರುತ್ತದೆ, ನೀವು ಜೊತೆಗಿದ್ದರೆ ಒಳ್ಳೆಯದು ಎಂದಿದ್ದಳು. ಹೋಗಿದ್ದೆ.

ಆಫ್ರೀನಳ ಎರಡೂ ಕಿಡ್ನಿಗಳು ಪೂರ್ತಿ ಕೆಲಸ ಮಾಡುವುದಿಲ್ಲ. ಚಿಕ್ಕಂದಿನಲ್ಲಿ ಪದೇ ಪದೇ ಆಗುತ್ತಿದ್ದ ಮೂತ್ರದ ಸೋಂಕು ಒಳಗೊಳಗೇ ಅವುಗಳನ್ನು ಹಾಳು ಮಾಡಿತ್ತಂತೆ. ಗೊತ್ತಾಗಿದ್ದು ಅವಳು ಎಂಟನೇ ಇಯತ್ತೆಯಲ್ಲಿದ್ದಾಗ. ಇದು ಪೂರ್ತಿ ಗುಣವಾಗುವ ಕಾಯಿಲೆಯಲ್ಲ, ಸಂಭಾಳಿಸಿಕೊಂಡು ಹೋಗಬೇಕಾದದ್ದು. ಬಿ.ಪಿ. ಏರಬಾರದು. ಉಪ್ಪು ಕಡಿಮೆ ಇರಬೇಕು. ಗುಳಿಗೆ ತಪ್ಪಬಾರದು. ತಪ್ಪಿದರೆ ಮುಂದೆ ಡಯಾಲಿಸಿಸ್. ಆ ಮನೆಯಲ್ಲಿ ಆ ಶಬ್ದವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. 'ಮಷೀನ್' ಎನ್ನುತ್ತಾರೆ, ಅದೂ ಪಿಸುಮಾತಿನಲ್ಲಿ.

ವರ್ಷದ ಹಿಂದೆ ಆಸ್ಪತ್ರೆಯವರು ಅವಳ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟರು. ಗುಳಿಗೆಯ ಹೊತ್ತಿಗೆ ಅಲಾರಂ ಹೊಡೆಯುತ್ತದೆ. ನುಂಗಿ ಟಿಕ್ ಒತ್ತಿದರೆ ಹಸಿರು. ಬಿ.ಪಿ. ಮತ್ತು ತೂಕ ಬರೆದಿಡಬಹುದು. ಯಾವ ತಿಂಡಿಯಲ್ಲಿ ಉಪ್ಪು ಹೆಚ್ಚು ಎಂದು ಕೇಳಬಹುದು. ಏನಾದರೂ ಅನುಮಾನವಿದ್ದರೆ ಆಸ್ಪತ್ರೆಯ ನರ್ಸಿಗೆ ಮೆಸೇಜು ಕಳಿಸಬಹುದು. ಆಫ್ರೀನ್ ಅದಕ್ಕೆ 'ದಾದಿ' ಎಂದು ಹೆಸರಿಟ್ಟಳು. ಅವರ ಉರ್ದುವಿನಲ್ಲಿ ದಾದಿ ಎಂದರೆ ಅಪ್ಪನ ತಾಯಿ, ನಮ್ಮ ಕನ್ನಡದಲ್ಲಿ ನರ್ಸು. ಎರಡೂ ಹೊಂದುತ್ತವೆ, ಎರಡೂ ಬೈತಾವ ಎನ್ನುತ್ತಿದ್ದಳು.

ದಾದಿಗೆ ಇನ್ನೊಂದು ಗುಣವಿತ್ತು. ಅಲಾರಂ ಹೊಡೆದು ಅರ್ಧ ತಾಸಿನೊಳಗೆ ಟಿಕ್ ಬೀಳದಿದ್ದರೆ ಅಮ್ಮನ ಫೋನಿಗೆ ಸುದ್ದಿ ಹೋಗುತ್ತಿತ್ತು. ಜಬೀನಾ ಇದನ್ನು ದೇವರು ಕೊಟ್ಟ ವರ ಎಂದುಕೊಂಡಿದ್ದಳು. ಹೊಲಿಗೆ ಮಷಿನ್ನಿನ ಪಕ್ಕದಲ್ಲೇ ಫೋನು. ಕೆಂಪು ಕಂಡರೆ ಮಗಳಿಗೆ ಕರೆ. ಮಗಳು ಎತ್ತದಿದ್ದರೆ ಮಗಳ ಗೆಳತಿಗೆ ಕರೆ. ಯಾವ ತಾಯಿ ಮಾಡುವುದಿಲ್ಲ ಹೇಳಿ?

ಅಂಥ ಕಾವಲಿದ್ದೂ, ಕಿಡ್ನಿ ಸೋತಂತೆ ರಕ್ತದಲ್ಲಿ ಹೆಚ್ಚುವ ಕ್ರಿಯಾಟಿನಿನ್ ಏರಿತ್ತು. ಬಿ.ಪಿ.ಯೂ ಏರಿತ್ತು. ಕಾಲು ಸ್ವಲ್ಪ ಬಾತಿತ್ತು.

ಡಾಕ್ಟರು ಜಬೀನಾಳಿಗೆ ಐದು ನಿಮಿಷ ಹೊರಗಿರಲು ಹೇಳಿದರು. ನಾನೂ ಎದ್ದೆ. ಆಫ್ರೀನ್ ನನ್ನ ಸೆರಗಿನ ತುದಿ ಹಿಡಿದು, ಟೀಚರ್ ಇರಲಿ ಎಂದಳು. ಕೂತೆ. ಡಾಕ್ಟರು ಅವಸರ ಮಾಡಲಿಲ್ಲ. (ಹೊರಗೆ ಅಷ್ಟು ಜನ ಪಾಳಿ ಹಚ್ಚಿದ್ದರೂ ಅವಸರ ಮಾಡದ ಡಾಕ್ಟರನ್ನು ನಾನು ನೋಡಿದ್ದು ಕಡಿಮೆ.)

ಕೊನೆಗೆ ಅವಳೇ ಬಾಯಿಬಿಟ್ಟಳು. ಗುಳಿಗೆ ನುಂಗದೆಯೇ ಟಿಕ್ ಒತ್ತುತ್ತಿದ್ದಳಂತೆ. ಮಧ್ಯಾಹ್ನದ್ದನ್ನು ಕಾಲೇಜಿನಲ್ಲಿ, ಸಂಜೆಯದನ್ನು ಟ್ಯೂಷನ್ನಿನಲ್ಲಿ.

ಯಾಕೆ?

"ಗುಳಿಗಿ ತಗೊಳ್ಳಾಕ ಬ್ಯಾಸರ ಇಲ್ರಿ ಡಾಕ್ಟರ್. ತಗೊಳ್ಳೂದನ್ನ ಮಂದಿ ನೋಡ್ತಾರಲ್ರಿ, ಅದು ಬ್ಯಾಸರ."

ಕಾಲೇಜಿನಲ್ಲಿ ಯಾರಿಗೂ ಹೇಳಿಲ್ಲ. ಅಮ್ಮನೇ ಹೇಳಬೇಡ ಎಂದಿದ್ದಾಳೆ. ನಂಟರಿಗೂ ಗೊತ್ತಿಲ್ಲ, ಅಸಿಡಿಟಿ ಎಂದು ಹೇಳಿಟ್ಟಿದ್ದಾರೆ. ಗೆಳತಿಯರ ನಡುವೆ ಕೂತಾಗ ಪರ್ಸಿನಿಂದ ಡಬ್ಬಿ ತೆಗೆದರೆ ಅದೇನು, ಇದ್ಯಾಕೆ ಎಂಬ ಪ್ರಶ್ನೆಗಳು. ತೆಗೆಯದೆ ಸುಮ್ಮನಿದ್ದರೆ ಅಮ್ಮನ ಫೋನು. ಅದನ್ನು ಎತ್ತದಿದ್ದರೆ ಗೆಳತಿಗೆ ಫೋನು, ಆಗ ಇನ್ನಷ್ಟು ಪ್ರಶ್ನೆಗಳು. ಟಿಕ್ ಒತ್ತಿಬಿಟ್ಟರೆ ಇದ್ಯಾವುದೂ ಇಲ್ಲ. ದಾದಿ ಸುಮ್ಮನಾಗುತ್ತಾಳೆ, ಅಮ್ಮನೂ ಸುಮ್ಮನಾಗುತ್ತಾಳೆ.

ಡಾಕ್ಟರು ಗದರುತ್ತಾರೆ ಎಂದುಕೊಂಡಿದ್ದೆ. ಗದರಲಿಲ್ಲ. ಇಷ್ಟು ದಿನ ಈ ಸುಳ್ಳನ್ನು ಒಬ್ಬಳೇ ಹೊತ್ತು ದಣಿದಿರಬೇಕಲ್ಲ ಎಂದು ಕೇಳಿದರು. ಹುಡುಗಿ ಆಗ ಅತ್ತಳು, ಸದ್ದಿಲ್ಲದೆ, ದುಪಟ್ಟಾದಲ್ಲಿ ಮೂಗು ಒರೆಸಿಕೊಳ್ಳುತ್ತ.

ಆಮೇಲೆ ಇಬ್ಬರೂ ಸೇರಿ ಫೋನಿನ ಮೇಲೆ ಬಗ್ಗಿದರು. ಮಧ್ಯಾಹ್ನದ ಗುಳಿಗೆಯನ್ನು ಕಾಲೇಜು ಮುಗಿದು ಮನೆಗೆ ಬಂದ ಮೇಲೆ ತೆಗೆದುಕೊಂಡರೂ ನಡೆಯುತ್ತದೆ, ಸಂಜೆಯದನ್ನು ಮಲಗುವ ಮುಂಚೆ ಎಂದು ಡಾಕ್ಟರು ಹೊತ್ತು ಬದಲಿಸಿದರು. (ಇಷ್ಟು ಸುಲಭವಾದದ್ದನ್ನು ವರ್ಷದಿಂದ ಯಾರೂ ಯಾಕೆ ಕೇಳಲಿಲ್ಲ? ಹಸಿರು ಕಾಣುತ್ತಿತ್ತಲ್ಲ, ಅದಕ್ಕೆ.) ಗುಳಿಗೆ ತಪ್ಪಿದರೆ 'ತಗೊಂಡಿಲ್ಲ' ಎಂದು ಒತ್ತಿ ಕಾರಣ ಬರೆಯಬಹುದು. ಅದನ್ನು ನರ್ಸ್ ಒಬ್ಬರೇ ನೋಡುತ್ತಾರೆ. ಅಮ್ಮನಿಗೆ ಹೋಗುವ ಸುದ್ದಿ ಬಂದ್.

ಕಡೆಯದಕ್ಕೆ ಮಾತ್ರ ಜಬೀನಾ ಒಪ್ಪಬೇಕಿತ್ತು. ಒಳಗೆ ಕರೆಸಿ ಎಲ್ಲ ಹೇಳಿದರು. ಅವಳು ಮಗಳನ್ನು ಬೈಯಲಿಲ್ಲ.

"ಹಡದಾಕಿ ನಾನ ಅದೀನ್ರಿ ಡಾಕ್ಟರ್. ನಂಗ ಗೊತ್ತಾಗದಿದ್ರ ಹೆಂಗ್ರಿ?"

ಈಗಲೂ ನಿಮಗೆ ಗೊತ್ತಾಗುತ್ತಿಲ್ಲವಲ್ಲ ಎಂದರು ಡಾಕ್ಟರು. ಕುಟುಕಲಿಲ್ಲ, ಇದ್ದದ್ದನ್ನು ಹೇಳಿದರಷ್ಟೆ. ಬೇರೆ ಊರಿಗೆ ಓದಲು ಹೋದ ಮೇಲೆ, ಇನ್ನೊಂದು ಮನೆ ಸೇರಿದ ಮೇಲೆ ಇವಳ ಕಿಡ್ನಿಯನ್ನು ಇವಳೇ ನೋಡಿಕೊಳ್ಳಬೇಕು, ಅದನ್ನು ಈಗಲೇ ಕಲಿಯಲಿ ಎಂದರು. ಜಬೀನಾ ವಿಚಾರ ಮಾಡಿ ಹೇಳುತ್ತೇನೆ ಎಂದು ಎದ್ದಳು.

ವಾಪಸು ಬರುವ ಬಸ್ಸಿನಲ್ಲಿ ತಾಯಿ ಮಗಳು ಒಂದೇ ಸೀಟಿನಲ್ಲಿ, ನಾನು ಹಿಂದಿನ ಸೀಟಿನಲ್ಲಿ. ಕಲಘಟಗಿ ದಾಟಿತು. ಕಿಟಕಿಯ ಹೊರಗೆ ಗೋವಿನಜೋಳದ ಹೊಲಗಳು ಹಿಂದೆ ಸರಿಯುತ್ತಿದ್ದವು. ಹಳಿಯಾಳದ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಜಬೀನಾ ಮಗಳ ಫೋನನ್ನು ತಾನೇ ಕೈಗೆ ತೆಗೆದುಕೊಂಡಳು. ಆ್ಯಪಿನಲ್ಲಿ ತನ್ನ ಹೆಸರಿದ್ದ ಜಾಗವನ್ನು ಹುಡುಕಿದಳು. ಬೆರಳು ಅದರ ಮೇಲೆ ಬಹಳ ಹೊತ್ತು ನಿಂತಿತ್ತು. ಒತ್ತಲಾಗಲಿಲ್ಲ. ಫೋನನ್ನು ಮಗಳ ಮಡಿಲಿಗಿಟ್ಟು, "ನೀನ ತಗಿ" ಎಂದಳು.

ಆಫ್ರೀನ್ ತೆಗೆದಳು. ತೆಗೆದು ಅಮ್ಮನ ಭುಜಕ್ಕೆ ತಲೆಯಿಟ್ಟಳು. ದಾಂಡೇಲಿ ಬರುವವರೆಗೆ ಎತ್ತಲಿಲ್ಲ.

ಅಲ್ಲಿಗೆ ಎಲ್ಲ ಸರಿಹೋಯಿತೇ? ಇಲ್ಲ. ಮುಂದಿನ ವಾರ ಪರದೆಯಲ್ಲಿ ಕೆಂಪೋ ಕೆಂಪು. ಮರೆತೆ, ನಿದ್ದೆ ಹತ್ತಿತು, ಮನಸ್ಸಿರಲಿಲ್ಲ ಎಂಬ ಕಾರಣಗಳು. ನನಗೆ ತೋರಿಸಿದಳು. ನರ್ಸ್ ಪ್ರತಿ ಕೆಂಪಿಗೂ ಒಂದೆರಡು ಸಾಲು ಬರೆಯುತ್ತಿದ್ದರು. ಮನಸ್ಸಿರಲಿಲ್ಲ ಎಂಬುದಕ್ಕೆ, ಯಾಕಮ್ಮಾ ಏನಾಯಿತು ಎಂದು ಕೇಳಿದ್ದರು. ಅದಕ್ಕೆ ಈ ಹುಡುಗಿ ಇಷ್ಟುದ್ದದ ಉತ್ತರ ಬರೆದಿದ್ದಳು. ಅದನ್ನು ನನಗೆ ಓದಲು ಕೊಡಲಿಲ್ಲ. ಕೊಡಬೇಕಾಗಿಯೂ ಇರಲಿಲ್ಲ.

ಜಬೀನಾಳ ಪಾಡು ಬೇರೆ. ಫೋನು ಸುಮ್ಮನಿರುವುದು ಅವಳಿಗೆ ಹೆಚ್ಚು ಹೆದರಿಕೆ. ತಗೊಂಡಿಯೇನ ಎಂಬ ಮಾತು ಬಾಯಿಗೆ ಬಂದಾಗಲೆಲ್ಲ ನುಂಗಿಕೊಂಡು ನಮ್ಮ ಮನೆಗೆ ಬಂದು ಕೂರುತ್ತಿದ್ದಳು. ನಾನು ಚಹಾ ಮಾಡುತ್ತಿದ್ದೆ. ಕ್ರಮೇಣ ಅವಳು ಅಡುಗೆಯ ಕಡೆ ತಿರುಗಿದಳು. ಉಪ್ಪು ಕಡಿಮೆ ಹಾಕಿ ರುಚಿ ತರುವುದು ಹೇಗೆ ಎಂದು ಮಗಳ ಆ್ಯಪನ್ನೇ ಮಗಳಿಂದಲೇ ಕೇಳಿಸಿ ತಿಳಿದುಕೊಂಡಳು. ಈಗ ಆ ಮನೆಯಲ್ಲಿ ಎಲ್ಲರಿಗೂ ಒಂದೇ ಸಾರು. ರಫೀಕ್ ಮಾತ್ರ ಗ್ಯಾರೇಜಿನಲ್ಲಿ ಗುಟ್ಟಾಗಿ ಉಪ್ಪಿನಕಾಯಿ ಇಟ್ಟುಕೊಂಡಿದ್ದಾನೆ ಎಂಬ ಸುದ್ದಿಯಿದೆ.

ಹೋದ ತಿಂಗಳು ಮುಂಡಗೋಡದಲ್ಲಿ ರಫೀಕ್‌ನ ಅಕ್ಕನ ಮಗಳ ನಿಶ್ಚಿತಾರ್ಥ. ಅಕ್ಕನ ಯಜಮಾನರಿಗೆ ಟಿಬೆಟನ್ ಕಾಲೊನಿಯ ಹತ್ತಿರ ಕಿರಾಣಿ ಅಂಗಡಿ, ನಂಟರು ಬಹಳ. ಅಲ್ಲಿ ನಡೆದದ್ದನ್ನು ನನಗೆ ಹೇಳಿದವಳು ಆಫ್ರೀನ್. ಊಟಕ್ಕೆ ಕೂತಾಗ ಅತ್ತೆ ಪ್ರೀತಿಯಿಂದ ಅವಳ ತಟ್ಟೆಗೆ ಹಪ್ಪಳ, ಉಪ್ಪಿನಕಾಯಿ ಹಾಕಲು ಬಂದರಂತೆ. ಬೇಡ ಎಂದರೆ, ಈ ವಯಸ್ಸಿನಲ್ಲಿ ಎಂಥ ಅಸಿಡಿಟಿ ಎಂದು ಒತ್ತಾಯ. ಸುತ್ತ ಹೆಂಗಸರು. ಅಮ್ಮ ಎಂದಿನಂತೆ ಮಾತು ತೇಲಿಸುತ್ತಾಳೆ ಎಂದುಕೊಂಡಿದ್ದಳಂತೆ ಹುಡುಗಿ.

ಜಬೀನಾ ಚಮಚ ಕೆಳಗಿಟ್ಟು ಗಂಡನ ಅಕ್ಕನಿಗೆ ಉರ್ದುವಿನಲ್ಲೇ ಹೇಳಿದಳಂತೆ. ಅಸಿಡಿಟಿಯಲ್ಲ, ಇವಳಿಗೆ ಕಿಡ್ನಿಯ ತ್ರಾಸ ಇದೆ, ಉಪ್ಪು ನಡೆಯುವುದಿಲ್ಲ, ಇಷ್ಟು ವರ್ಷ ನಾನೇ ಮುಚ್ಚಿಟ್ಟಿದ್ದೆ, ಇನ್ನು ಮುಚ್ಚಿಡುವುದಿಲ್ಲ.

ಬಡಿಸುವ ಕೈಗಳೆಲ್ಲ ನಿಂತವಂತೆ. ಅತ್ತೆ ಉಪ್ಪಿನಕಾಯಿ ಬಟ್ಟಲು ಪಕ್ಕಕ್ಕಿಟ್ಟು ಒಳಗೆ ಹೋಗಿ ಮೊಸರು ತಂದರು. ನನಗೂ ಹೇಳಲಿಲ್ಲವಲ್ಲ ಎಂದು ಜಬೀನಾಳ ಪಕ್ಕದಲ್ಲೇ ಕೂತರು. ಇನ್ನೊಬ್ಬ ಹಿರಿಯ ಹೆಂಗಸು, ಹಾಗಾದರೆ ಇವಳ ಮದುವೆಯ ಗತಿ ಏನು ಎಂದು ಎಲ್ಲರಿಗೂ ಕೇಳುವಂತೆ ಕೇಳಿದರು. ಊರಿಗೆ ಬಂದ ಮೇಲೂ ಆ ಮಾತು ಜಬೀನಾಳನ್ನು ಕೊರೆಯುತ್ತಲೇ ಇತ್ತು. ಈಗಲೂ ಇದೆ.

ಆಫ್ರೀನಳನ್ನು ಕೇಳಿದೆ, ನಿನಗೇನನ್ನಿಸಿತು ಎಂದು.

"ಹಗರ ಆತ್ರಿ ಟೀಚರ್" ಎಂದಳು. ಮರುದಿನ ಕಾಲೇಜಿನಲ್ಲಿ ಗೆಳತಿಗೂ ತಾನೇ ಹೇಳಿದಳಂತೆ. ಗೆಳತಿ, ಅದಕ್ಕೇ ನಿನ್ನಮ್ಮ ನನಗೆ ಅಷ್ಟೊಂದು ಫೋನು ಮಾಡುತ್ತಿದ್ದರಾ ಎಂದು ಕೇಳಿದಳಂತೆ.

ಮೊನ್ನೆ ಹೊಸ ರಿಪೋರ್ಟು ಬಂತು. ಕ್ರಿಯಾಟಿನಿನ್ ಇಳಿದಿಲ್ಲ. ಏರುವುದು ನಿಂತಿದೆ. ಬಿ.ಪಿ. ಹತೋಟಿಯಲ್ಲಿದೆ. ಈ ಕಾಯಿಲೆಯಲ್ಲಿ ಅದು ಒಳ್ಳೆಯ ಸುದ್ದಿ ಎಂದರಂತೆ ಡಾಕ್ಟರು. ಪರದೆಯ ಮೇಲೆ ಈಗಲೂ ಅಲ್ಲೊಂದು ಇಲ್ಲೊಂದು ಕೆಂಪಿದೆ. ಅದನ್ನು ನೋಡಿದರೆ ನನಗೆ ಮೊದಲಿನ ಹಸಿರಿಗಿಂತ ಹೆಚ್ಚು ಧೈರ್ಯ ಬರುತ್ತದೆ.

ಆ್ಯಪು ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಹುಬ್ಬಳ್ಳಿಯ ನರ್ಸನ್ನು ದಾಂಡೇಲಿಯ ಹುಡುಗಿಯ ಕೈಗೆ ತಂದುಕೊಟ್ಟದ್ದು ಅದೇ. ಜೋಯಿಡಾ ಕಡೆಯ ಟವರ್ ಸಿಗದ ಹಳ್ಳಿಗಳ ಮಕ್ಕಳಿಗೂ ಇಂಥದ್ದು ಸಿಗಲಿ ಎಂದೇ ನನ್ನ ಆಸೆ. ಆದರೆ ಅದನ್ನು ಮಕ್ಕಳ ಕೈಗೆ ಕೊಡುವಾಗ ಸಲಕರಣೆಯಾಗಿ ಕೊಡುತ್ತೇವೆಯೋ, ಪೊಲೀಸಾಗಿ ಕೊಡುತ್ತೇವೆಯೋ? ಪೊಲೀಸರನ್ನು ಕಂಡರೆ ಮಕ್ಕಳು ಏನು ಮಾಡುತ್ತಾರೆ ಎಂಬುದು, ನಾವೂ ಒಂದು ಕಾಲಕ್ಕೆ ಮಕ್ಕಳಾಗಿದ್ದವರು, ನಮಗೆ ಗೊತ್ತಿಲ್ಲವೇ?

ಇಷ್ಟು ಬರೆದು ಫೋನು ತೆಗೆದೆ. ನನ್ನ ಮಗ ಧಾರವಾಡದ ಹಾಸ್ಟೆಲಿನಲ್ಲಿ ಓದುತ್ತಾನೆ. ಅವನು ಎಲ್ಲಿದ್ದಾನೆಂದು ನಕಾಶೆಯಲ್ಲಿ ಒಂದು ನೀಲಿ ಚುಕ್ಕೆ ನನಗೆ ಸದಾ ತೋರಿಸುತ್ತಿರುತ್ತದೆ. ಈಗಲೂ ನೋಡಿದೆ. ಅವನ ಫೋನಿನ ಚುಕ್ಕೆ ಹಾಸ್ಟೆಲಿನಲ್ಲೇ ಇದೆ.

ಮಗ?