ಪರೀಕ್ಷೆಗೆಂದು ಕಳಿಸಿದ ಸಂದೇಶ

ಮಡಕಶಿರದ ನನ್ನ ಸೋದರಮಾವ ಹಳ್ಳಿಹಳ್ಳಿಗೆ ಗಾಡಿ ಓಡಿಸಿ, ರೈತರ ಮನೆಗಳಿಂದ ರೇಷ್ಮೆಗೂಡು ತುಂಬಿಕೊಂಡು ಹಿಂದೂಪುರದ ಮಾರುಕಟ್ಟೆಗೆ ಸಾಗಿಸುತ್ತಾನೆ. ಯಾವ ಊರಿಗೆ ಯಾವ ದಿನ ಗಾಡಿ ಎಂದು ಒಬ್ಬೊಬ್ಬರಿಗೂ ಫೋನ್ ಮಾಡಿ ಅವನ ಗಂಟಲು ಕಟ್ಟುತ್ತಿತ್ತು. ಎಲ್ಲರಿಗೂ ಒಂದೇ ಸಲ ಸಂದೇಶ ಹೋಗುವಂತೆ ಮಾಡಿಕೊಡುತ್ತೇನೆಂದು ಜಂಬ ಕೊಚ್ಚಿದವನು ನಾನೇ.

ಅವನ ಅಂಗಡಿಯ ಹಳೇ ಕಂಪ್ಯೂಟರನ್ನೇ ಸರ್ವರ್ ಮಾಡಲು ಹೊರಟೆ. ಮೂರು ದಿನ ಅದು ನನ್ನನ್ನು ಕುಣಿಸಿತು. ಒಂದು ಸಾಫ್ಟ್‌ವೇರ್ ಹಾಕಿದರೆ ಇನ್ನೊಂದು ಬೇಕೆನ್ನುತ್ತಿತ್ತು. ನಾಲ್ಕನೇ ದಿನ ಮಧ್ಯಾಹ್ನ ಸರ್ವರ್ ಎದ್ದು ನಿಂತಿತು, ನಾನು ಹಿರಿಹಿರಿ ಹಿಗ್ಗಿದೆ. ಪರೀಕ್ಷೆಗೆ ನನ್ನದೊಂದು ನಂಬರು ಸಾಕಿತ್ತು. ಸೋಮಾರಿತನಕ್ಕೆ ಮಾವನ ಪಟ್ಟಿಯನ್ನೇ ಪೂರ್ತಿ ತುಂಬಿದ್ದೆ. ‘ನಾಳೆ ಬೆಳಿಗ್ಗೆ ಗಾಡಿ ಬರುತ್ತದೆ, ಗೂಡು ಬಿಡಿಸಿಡಿ’ ಎಂದು ಮಾವನ ಹೆಸರಿನಲ್ಲಿ ಬರೆದು ಒತ್ತಿದೆ. ಪರದೆಯ ಮೇಲೆ ಏನೂ ಕಾಣಲಿಲ್ಲ. ಹೋಗಿಲ್ಲ ಅಂದುಕೊಂಡು ಊಟಕ್ಕೆ ಎದ್ದೆ.

ಹೋಗಿತ್ತು. ನಿಜವೇ ಎಂದು ಒಬ್ಬರಾದರೂ ಫೋನ್ ಮಾಡಿದ್ದರೆ ಗೊತ್ತಾಗುತ್ತಿತ್ತು. ಆದರೆ ನಮ್ಮ ಕಡೆ ಗಾಡಿಯವನು ದಿನ ಹೇಳಿದ ಮೇಲೆ ಮತ್ತೆ ಕೇಳುವುದಿಲ್ಲ, ಕೇಳಿದರೆ ಅವನ ಮಾತನ್ನು ಅನುಮಾನಿಸಿದಂತೆ. ಹೆಚ್ಚಿನವರ ಮನೆಯಲ್ಲಿ ಹುಳು ಇನ್ನೂ ಸೊಪ್ಪು ತಿನ್ನುತ್ತಿದ್ದವು, ಬಿಡಿಸಲು ಗೂಡೇ ಇರಲಿಲ್ಲ, ಅವರು ಬಚಾವಾದರು.

ಮರುದಿನ ಹೇಮಾವತಿ ಊರಿನ ಕಡೆಯ ಒಬ್ಬ ಹೆಂಗಸು ಗಾಡಿಗೆ ಕಾದು ಕಾದು, ಬಸ್ಸಿನಲ್ಲಿ ಚೀಲ ಹೊತ್ತು ಅಂಗಡಿಗೆ ಬಂದಳು. ಹುಳು ಗೂಡು ಕಟ್ಟುವ ತಟ್ಟೆಯಲ್ಲೇ ಇನ್ನೆರಡು ದಿನ ಬಿಡಬೇಕಿದ್ದ ಗೂಡನ್ನು ಬಿಡಿಸಿಬಿಟ್ಟಿದ್ದಳು. ಒಳಗಿನ ಎಳೇ ಹುಳು ನಜ್ಜುಗುಜ್ಜಾಗಿ, ರಸ ಒಸರಿ, ಬಿಳಿ ಗೂಡಿನ ತುಂಬ ಕಂದು ಕಲೆ.

“ಇನ್ನೂ ಹಸಿ ಅಂತ ನಂಗೂ ಗೊತ್ತಿತ್ತು. ಅಣ್ಣ ಹೇಳವ್ರೆ ಅಂದ್ಮೇಲೆ ಏನೋ ಕಾರಣ ಇರ್ತದೆ ಅಂತ ಬಿಡಿಸ್ದೆ” ಅಂದಳು.

“ಅದು ನಾನು ಪರೀಕ್ಷೆಗೆ ಕಳ್ಸಿದ್ದು ಕಣಕ್ಕ.”

“ನಮ್ಮೇಲೆ ಯಾಕಪ್ಪ ಪರೀಕ್ಷೆ?”

ಎಷ್ಟು ನಾಚಿಕೆಯಾಯಿತೆಂದರೆ ಅವಳು ಹೋಗುವವರೆಗೂ ತಲೆ ಎತ್ತಲಿಲ್ಲ. ಅವಳ ನಷ್ಟವನ್ನು ಮಾವ ತುಂಬಿಕೊಟ್ಟ.

ಮುಂದಿನ ಬೆಳೆಗೆ ಎಲ್ಲ ಸರಿಮಾಡಿ, ಮಾವ ಹೇಳಿದ ದಿನವನ್ನೇ ಕಳಿಸಿದೆ. ಗಾಡಿಯಲ್ಲಿ ನಾನೂ ಹೋದೆ. ಅವಳ ಮನೆ ಮುಂದೆ ನಿಂತಾಗ ಒಂದು ಗೂಡನ್ನೂ ಬಿಡಿಸಿರಲಿಲ್ಲ.

“ಗಾಡಿ ಕಣ್ಣಿಗೆ ಬಿದ್ಮೇಲೆ ಬಿಡಿಸಾನ ಅಂತಿದ್ದೆ. ತಪ್ಪು ತಿಳ್ಕಬೇಡಿ ಕಣಣ್ಣ” ಎಂದು ಮಾವನಿಗೆ ಅಂದಳು.

ಮಾವ ಇಂಜಿನ್ ಆರಿಸಿ ಜಗುಲಿಯ ಮೇಲೆ ಕೂತ. ಇಷ್ಟು ವರ್ಷಗಳಲ್ಲಿ ಯಾರ ಬಾಗಿಲಲ್ಲೂ ಅವನು ಹೀಗೆ ಕಾದು ಕೂತಿದ್ದನ್ನು ನಾನು ನೋಡಿರಲಿಲ್ಲ.