ಖಾಖ್ರಾ ಮೇಲೊಂದು ಒದ್ದೆ ಬಟ್ಟೆ

ನಮ್ಮತ್ತೆಯ ಶಾಸ್ತ್ರದಲ್ಲಿ ಚಪಾತಿಗೆ ಒಂದೇ ನಿಯಮ: ಕರ್ಚೀಫಿನ ಹಾಗೆ ಮಡಚಬೇಕು. ಮಡಚುವಾಗ ಮುರಿದರೆ ಅದು ಚಪಾತಿಯಲ್ಲ, ಹೆಂಚು. ಮದುವೆಯಾಗಿ ಕುಂಬಾರಕೊಪ್ಪಲಿನ ಅವರ ಮನೆಗೆ ಬಂದ ಹೊಸತರಲ್ಲಿ ನಾನು ಹೆಂಚುಗಳನ್ನೇ ಮಾಡುತ್ತಿದ್ದೆ. ನನ್ನ ಗಂಡ ಅದನ್ನು ತಟ್ಟೆಗೆ ಟಕಟಕ ಬಡಿದು, "ಯಾರೋ ಬಾಗಿಲು ತಟ್ತಿದಾರೆ, ನೋಡು" ಅನ್ನುತ್ತಿದ್ದರು. ಅಡುಗೆಮನೆಯ ಮೂಲೆಯಲ್ಲಿ ಕೂತು ಅತ್ತದ್ದೂ ಉಂಟು. ಆಮೇಲೆ ಅದೇನಾಯಿತೋ, ಕೆಲವೇ ತಿಂಗಳಲ್ಲಿ ನನ್ನ ಚಪಾತಿ ಹತ್ತಿಯಂತಾಯಿತು. ಕೈ ಪಳಗಿತು ಅಂದುಕೊಂಡೆ. ಅಂದಿನಿಂದ ತಂಗಿಗೆ, ತಂಗಿಯ ನಾದಿನಿಗೆ, ಕೇಳಿದವರಿಗೆ, ಕೇಳದವರಿಗೆ, ಚಪಾತಿ ಮೆತ್ತಗಾಗುವುದು ಹೇಗೆಂದು ಉಪದೇಶ ಮಾಡುತ್ತಲೇ ಬಂದಿದ್ದೆ. ಮಾಡುವುದು ನಾನು, ಡಬ್ಬಿಯನ್ನು ಊಟದ ಮೇಜಿಗೆ ತರುವುದು ಅತ್ತೆ. ಅದು ಆಗಿನಿಂದಲೂ ನಮ್ಮನೆ ಪದ್ಧತಿ.

ಈಗ ನಾವಿರುವುದು ಸಿದ್ಧಾರ್ಥನಗರದಲ್ಲಿ. ಮಹಡಿ ಮನೆಗೆ ಒಂದು ಗುಜರಾತಿ ಸಂಸಾರ ಬಾಡಿಗೆಗೆ ಬಂತು. ಆ ಮನೆಯಾಕೆ ಕೊಟ್ಟ ಖಾಖ್ರಾ ತಿಂದದ್ದೇ ತಡ, ನನಗೆ ಹುಚ್ಚು ಹಿಡಿಯಿತು. ಗೋಧಿಹಿಟ್ಟಿಗೆ ಓಮ, ಜೀರಿಗೆ, ಒಣಮೆಂತ್ಯ ಸೊಪ್ಪು, ಖಾರದ ಪುಡಿ ಹಾಕಿ ಕಲಸಬೇಕು. ತೆಳ್ಳಗೆ ಲಟ್ಟಿಸಿ, ಸಣ್ಣ ಉರಿಯಲ್ಲಿ ಬಟ್ಟೆಯ ಉಂಡೆಯಿಂದ ಒತ್ತುತ್ತಾ ಒತ್ತುತ್ತಾ ಹಪ್ಪಳದಷ್ಟು ಗರಿಗರಿ ಮಾಡಬೇಕು. "ಇಷ್ಟೇ ತಾನೇ? ಚಪಾತೀಲಿ ನನ್ನ ಕೈ ಪಳಗಿದೆ ಬಿಡಿ" ಅಂದೆ. ಊರಿನಿಂದ ಬಂದಿದ್ದ ಆಕೆಯ ತಾಯಿ ಇದನ್ನು ಕೇಳಿ ನಕ್ಕರಂತೆ. "ಅನ್ನ ತಿನ್ನೋ ಊರಿನವರಿಗೆ ಖಾಖ್ರಾ ಎಲ್ಲಿ ಬರಬೇಕು" ಅಂದರಂತೆ. ನನಗೆ ಮೈಯೆಲ್ಲ ಉರಿಯಿತು. ಅಲ್ರೀ, ನಮ್ಮೂರಿನ ಮಾನದ ಪ್ರಶ್ನೆ! ಮಂಗಳವಾರ ಸಂಜೆ ಕಾಫಿಗೆ ಬನ್ನಿ, ನನ್ನ ಕೈಯ ಖಾಖ್ರಾ ತಿಂದು ನೋಡಿ ಎಂದು ಕರೆದೇಬಿಟ್ಟೆ. ಆ ಅಜ್ಜಿಯ ಬಾಯಿಂದ 'ಚೆನ್ನಾಗಿದೆ' ಹೊರಡಿಸದೆ ಬಿಡಬಾರದು ಎಂದು ಹಟ ಹಿಡಿದೆ.

ಮಂಗಳವಾರ ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ಒಲೆ ಹಚ್ಚಿದೆ. ಮೊದಲನೆಯದು ಕರಕಲಾಯಿತು. ಎರಡನೆಯದು ಪೂರಿಯ ಹಾಗೆ ಉಬ್ಬಿ ಕೂತಿತು. ಏನಾದರೂ ತಿನ್ನಲು ಸಿಗುತ್ತದೇನೋ ಎಂದು ಇಣುಕಿದ ಗಂಡನಿಗೆ, "ಈ ಕಡೆ ತಲೆ ಹಾಕಿದ್ರೆ ಲಟ್ಟಣಿಗೆ ನಿಮ್ಮ ತಲೆಗೇ!" ಅಂದೆ. ಅವರು ತೆಪ್ಪಗೆ ಪೇಪರಿನ ಹಿಂದೆ ಸೇರಿಕೊಂಡರು. ಬೆರಳು ಸುಟ್ಟುಕೊಂಡು, ಬೆವರು ಸುರಿಸಿ, ಕೊನೆಗೆ ಒಂದು ತಟ್ಟೆ ತುಂಬ ಖಾಖ್ರಾ ಪೇರಿಸಿಟ್ಟೆ. ಅಂಚು ಮುರಿದು ನೋಡಿದೆ. ಕಟುಕ್! ಆಹಾ! ಹೆಂಚು ಮಾಡಿ ಅತ್ತವಳಿಗೆ ಆ ಸದ್ದೇ ಬಿರುದಿನಂತೆ ಕೇಳಿಸಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂದುಕೊಂಡು, ಹೊಸ ಕಾಫಿಪುಡಿ ತರಲು ಅಂಗಡಿಗೆ ಹೋದೆ.

ಸಂಜೆ ತಾಯಿ ಮಗಳು ಬಂದು ಕೂತರು. ಅತ್ತೆ ಎಂದಿನಂತೆ ಡಬ್ಬಿ ತಂದು ಮೇಜಿನ ಮೇಲಿಟ್ಟರು. ನಾನು ಮುಚ್ಚಳ ತೆಗೆದೆ. ಹಬೆ ಬಂತು. ನನ್ನ ಖಾಖ್ರಾಗಳೆಲ್ಲ ತುಪ್ಪ ಸವರಿಸಿಕೊಂಡು, ನಾಲ್ಕು ಮಡಿಕೆಯಾಗಿ, ಕರ್ಚೀಫಿನ ಹಾಗೆ ಮಲಗಿದ್ದವು.

"ಅತ್ತೇ, ಇದೇನು ಮಾಡಿದ್ರಿ?"

"ಎಲ್ಲಾ ಹೆಂಚಾಗ್ಬುಟ್ಟಿದ್ವು ಕಣಮ್ಮ" ಎಂದು ಅತ್ತೆ ಗುಟ್ಟಿನಲ್ಲಿ ಹೇಳಿದರು. ಕಿವಿ ಮಂದವಾದ್ದರಿಂದ ಅವರ ಗುಟ್ಟು ಬೀದಿಗೆಲ್ಲ ಕೇಳುತ್ತದೆ. "ನೆಂಟ್ರ ಮುಂದೆ ನಿನ್ ಮಾನ ಹೋಗ್ಬಾರ್ದು ಅಂತ ಒದ್ದೆ ಬಟ್ಟೆ ಮುಚ್ಚಿ ಹಬೇಲಿ ಇಟ್ಟೆ. ನೀನೇನೂ ಯೋಚ್ನೆ ಮಾಡ್ಬೇಡ, ನಾನ್ ಯಾರ್ಗೂ ಹೇಳಲ್ಲ."

"ಅದು ಗಟ್ಟಿಯಾಗೇ ಇರಬೇಕು ಅತ್ತೇ! ಮೆತ್ತಗೆ ಮಾಡಿ ಅಂತ ನಿಮಗ್ಯಾರು ಹೇಳಿದ್ರು?"

"ಯಾರ್ ಹೇಳ್ಬೇಕು? ದಿನಾ ಮಾಡೋದ್ನೇ ಮಾಡ್ದೆ."

"ದಿನಾನಾ?"

"ಇನ್ನೇನು? ಮದ್ವೆಯಾದ ಹೊಸದ್ರಲ್ಲಿ ಮೂಲೇಲಿ ಕೂತು ಅಳ್ತಿದ್ದೆ ನೋಡು, ಆವತ್ನಿಂದ. ನೀನು ಅತ್ಲಾಗ್ ತಿರುಗ್ದಾಗ ಒದ್ದೆ ಬಟ್ಟೆ ಮುಚ್ಬುಡ್ತೀನಿ. ಪಾಪ, ಎಷ್ಟ್ ಲಟ್ಟಿಸಿದ್ರೂ ನಿನ್ ಕೈ ಪಳಗ್ಲೇ ಇಲ್ವಲ್ಲ."

ಗಂಡ ಪೇಪರನ್ನು ಮುಖಕ್ಕೆ ಹಿಡಿದುಕೊಂಡರು. ಪೇಪರು ಗಡಗಡ ನಡುಗುತ್ತಿತ್ತು. ನಾನು ಜಗಳಕ್ಕೆಂದು ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ತಂಗಿಗೆ ಕೊಟ್ಟ ಉಪದೇಶವೆಲ್ಲ ನೆನಪಾಗಿ ನಾಚಿಕೆಯಾಯಿತು. ಸಿಟ್ಟೂ ಬಂತು. ಒಂದೇ ಒಂದು ಸಲವೂ ಎತ್ತಿ ಆಡದ ಆ ಮುದುಕಿಯ ಮೇಲೆ ಅದಕ್ಕಿಂತ ಹೆಚ್ಚು ಪ್ರೀತಿ ಬಂತು.

ಅಷ್ಟರಲ್ಲಿ ಅಜ್ಜಿ ಒಂದು ಚೂರು ಬಾಯಿಗಿಟ್ಟು ಗುಜರಾತಿಯಲ್ಲಿ ಏನೋ ಅಂದರು. ಮಗಳು ಹೇಳಿದಳು: "ಇದು ಖಾಖ್ರಾ ಅಲ್ವಂತೆ. ಆದ್ರೆ ತುಂಬಾ ಚೆನ್ನಾಗಿದ್ಯಂತೆ. ನಿಮ್ಮ ಅತ್ತೆಯವರ ಕೈಗುಣ ಅಂತಾರೆ."

ಮರುದಿನ ಬೆಳಿಗ್ಗೆ ಚಪಾತಿ ಮಾಡಿ ಡಬ್ಬಿಗೆ ಹಾಕಿದೆ. ಅತ್ತೆ ಬಂದು ಬಾಗಿಲಲ್ಲಿ ನಿಂತದ್ದು ಗೊತ್ತಾಯಿತು. ನಾನು ನಲ್ಲಿ ತಿರುಗಿಸಿ, ತೊಳೆದಿಟ್ಟಿದ್ದ ಲೋಟವನ್ನೇ ಮತ್ತೆ ತೊಳೆಯುತ್ತಾ, ಅತ್ತಲಾಗಿ ತಿರುಗಿ ನಿಂತೆ.