ಹರಗೋಲಿಗೆ ಹಾಕಿಸಿದ ಹೊಸ ಅಂಚು

ಅಂದು ಮಧ್ಯಾಹ್ನ ಅಪ್ಪನ ಹರಗೋಲಿನಲ್ಲಿ ಹೊಳೆ ದಾಟುತ್ತಿದ್ದ ಮುದುಕಿ ತನ್ನ ಆಡನ್ನು ತೊಡೆಗೆ ಎಳೆದುಕೊಂಡು, "ಮುಳುಗಸಬ್ಯಾಡೋ ಯಪ್ಪಾ, ಗಬ್ಬದ ಆಡೈತಿ" ಎಂದಳು.

"ಆಡಿಗಿ ಈಜು ಬರತೈತಬೇ, ನಿನಗ ಬರಂಗಿಲ್ಲ. ನೀ ಗಪ್ ಕೂಡು" ಎಂದು ಅಪ್ಪ ಹುಟ್ಟು ಹಾಕಿದ.

ವಿರೂಪಾಪುರಗಡ್ಡೆಯ ದಂಡೆ ಮುಟ್ಟಿದ ಮೇಲೆ ಹರಗೋಲನ್ನು ಬೋರಲು ಹಾಕಿ ತಳ ಮುಟ್ಟಿ ನೋಡಿದ. "ಜಿನುಗಾಕ ಹತ್ತೈತಿ. ನೀ ರಜಾದಾಗ ಇದ್ದಾಗನ ಡಾಂಬರು ಹಚ್ಚೂಣು" ಎಂದು ನನಗೆ ಹೇಳಿದ.

ಮರುದಿನ ಬೆಳಿಗ್ಗೆ ಅಪ್ಪ ಏಳಲಿಲ್ಲ.

ಆ ಹರಗೋಲು ನನಗಿಂತ ಹಳೆಯದು. ಅಜ್ಜನ ಕಾಲದಲ್ಲಿ ಅದಕ್ಕೆ ಚರ್ಮ ಹೊದಿಸುತ್ತಿದ್ದರಂತೆ. ನಾನು ಕಂಡದ್ದು ಗೊಬ್ಬರದ ಚೀಲ ಹೊಲಿದು ಡಾಂಬರು ಬಳಿದದ್ದು. ಅಪ್ಪ ಕೊಳೆತ ಬಿದಿರನ್ನು ಮಾತ್ರ ಬಿಚ್ಚಿ ಹೊಸದನ್ನು ಹೆಣೆಯುತ್ತಿದ್ದ.

ದಿನಕರ್ಮ ಮುಗಿದ ಮೇಲೆ ಅವ್ವ ಅದನ್ನು ಮಾರಬಾರದೆಂದಳು. ಕಾಕಾ ತಾನು ನಡೆಸುವೆನೆಂದ. ಗಂಗಾವತಿಯಲ್ಲಿ ಸರಕಾರಿ ನೌಕರಿ ಮಾಡುವ ನಾನು ರಿಪೇರಿ ಮಾಡಿಸಲು ಮುಂದಾದೆ. ಅಪ್ಪನಿಗಾಗಿ ಮಾಡಬಹುದಾದ ಕೊನೆಯ ಕೆಲಸ ಅದೊಂದೇ ಎನಿಸಿತ್ತು.

ಸೀಳಿದ ಬಿದಿರನ್ನು ಎರಡು ದಿನ ಹೊಳೆಯಲ್ಲಿ ನೆನೆಹಾಕಿದೆವು. ಕಾಕಾ ಹಳೆಯ ಅಂಚನ್ನು ಹಿಡಿದು ಅಲುಗಿಸಿ, "ಇದು ಗಟ್ಟಿ ಐತಿ, ಇರ್ಲೇನು?" ಎಂದು ಕೇಳಿದ.

"ಬ್ಯಾಡ ಕಾಕಾ. ಎಲ್ಲಾ ಹೊಸದ ಹಾಕಿಬಿಡು."

"ನೌಕರಿದಾರ್ರು ಹೇಳಿದ ಮ್ಯಾಲ ಮುಗೀತು" ಎಂದು ನಕ್ಕು ಬಿಚ್ಚಿದ.

ನಮ್ಮಲ್ಲಿ ಹರಗೋಲಿನ ಹಳೆಯ ಬಿದಿರನ್ನು ಮನೆಯ ಒಲೆಗೆ ಒಯ್ಯುವುದಿಲ್ಲ. ಅದರ ಉರಿಯಲ್ಲೇ ಅದರ ಡಾಂಬರು ಕಾಸುತ್ತೇವೆ. ಅಂಚಿನ ಬಿದಿರನ್ನು ನಾನೇ ಮುರಿದು ಡಾಂಬರಿನ ಡಬ್ಬಿಯ ಕೆಳಗೆ ತುರುಕಿದೆ.

ಸಂಜೆ ಅವ್ವ ಬಂದಳು. ಹೊಸ ಅಂಚಿನ ಮೇಲೆ ಕೈಯಾಡಿಸುತ್ತ ಹರಗೋಲನ್ನು ಒಂದು ಸುತ್ತು ಹಾಕಿದಳು. ಮತ್ತೊಂದು ಸುತ್ತು ಹಾಕಿದಳು.

"ನಿಮ್ಮಪ್ಪ ಮೊಣಕಾಲು ಊರಿ ಊರಿ ತಗ್ಗು ಬಿದ್ದಿತ್ತಲ್ಲ, ಅದು ಯಾ ಕಡಿಗೈತಿ?"

ನಾನು ಡಬ್ಬಿಯ ಕೆಳಗಿನ ಬೂದಿಯನ್ನು ನೋಡಿದೆ. ಅಂಗೈಯಷ್ಟು ತಗ್ಗು. ಹುಟ್ಟು ಹಾಕುವಾಗ ಅಪ್ಪನ ಎಡ ಮೊಣಕಾಲು ಎಷ್ಟೋ ವರ್ಷ ಅಲ್ಲೇ ಇತ್ತು. ಚಿಕ್ಕಂದಿನಿಂದ ಅದನ್ನು ನೋಡಿದ್ದೆ. ಮುರಿಯುವಾಗ ನೆನಪಾಗಲಿಲ್ಲ.

"ಹೋಗ್ಲಿ ಬಿಡು, ನೀ ಬೇಕಂತ ಮಾಡಿಲ್ಲ" ಎಂದಳು ಅವ್ವ. ಬೈದಿದ್ದರೆ ಚೆನ್ನಾಗಿತ್ತು.

ಈಗ ಕಾಕಾ ಅದರಲ್ಲೇ ಜನರನ್ನು ದಾಟಿಸುತ್ತಾನೆ. ಹನಿ ನೀರೂ ಒಳಗೆ ಬರುವುದಿಲ್ಲ. ಅಂಚು ಸುತ್ತಲೂ ಒಂದೇ ಸಮ ಇದೆ. ಅಪ್ಪನ ಮೊಣಕಾಲಿನ ತಗ್ಗು ಇಲ್ಲ.